ಹಡಗೇರಿ ಬಂದ ಅತಿಥಿ

ಗಂಗಾವತಿಯ ಸೀಮೆಯ ಶ್ರೀರಾಮನಗರದಲ್ಲಿ ನಮ್ಮ ಮಿತ್ರರೊಬ್ಬರಿದ್ದಾರೆ. ಕಾಲುವೆಯ ನೀರಿನ ಕೆಳಗೆ ಭತ್ತ ಬೆಳೆಯುವುದು ಅವರ ವೃತ್ತಿ. ಅವರ ಬಾಲ್ಯಸ್ನೇಹಿತರೊಬ್ಬರು ಬಹುಕಾಲದಿಂದ ಹೊರದೇಶದಲ್ಲಿ ನೆಲೆಸಿದವರು. ಈಚೆಗೆ ಸಪತ್ನೀಕರಾಗಿ ಒಂದು ದೊಡ್ಡ ವಿಹಾರನೌಕೆಯಲ್ಲಿ ಸಮುದ್ರಯಾನ ಹೊರಟರು. ಆ ಹಡಗು ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಒಂದು ಹಗಲು ನಿಲ್ಲತಕ್ಕದ್ದಾಗಿತ್ತು. ‘ನೀವೆಲ್ಲರೂ ಅಲ್ಲಿಗೆ ಬನ್ನಿರಿ, ಹಡಗಿನಲ್ಲಿಯೇ ನಮ್ಮೊಡನೆ ಊಟಮಾಡಿ ಸಂಜೆಗೆ ಇಳಿದು ಹೋಗಬಹುದು’ ಎಂದು ಅವರು ಬರೆದರು. ನಮ್ಮ ಮಿತ್ರರು ಬುತ್ತಿ ಕಟ್ಟಿಕೊಂಡು, ರಾತ್ರಿಯೆಲ್ಲ ಪ್ರಯಾಣಮಾಡಿ, ಬೆಳಗಿಗೆ ಬಂದರಿನ ಬಾಗಿಲನ್ನು ಸೇರಿದರು. ಕಾವಲಿನವರು ಒಳಗೆ ಬಿಡಲಿಲ್ಲ. ಪ್ರಯಾಣಿಕರಲ್ಲದವರ ಹೆಸರುಗಳು ಮುಂಚಿತವಾಗಿ ಹಡಗಿನವರಿಗೆ ತಲುಪಿ ಒಪ್ಪಿಗೆಯಾಗಿರಬೇಕಂತೆ. ಕರೆದವರಿಗೆ ಅದು ತಿಳಿದಿರಲಿಲ್ಲ, ಹೋದವರಿಗೂ ತಿಳಿದಿರಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಅವರು ನಮ್ಮನ್ನು ಕೇಳಿದರು: ‘ಸ್ನೇಹಿತನ ಬಿಡಾರಕ್ಕೆ ಉಣ್ಣಲು ಹೋದವರನ್ನು ಕಳ್ಳರಂತೆ ನಿಲ್ಲಿಸಿದರಲ್ಲ ಸ್ವಾಮಿ! ಹಿಂದಿನ ಕಾಲದಲ್ಲಿಯೂ ಹೀಗೆ ಇದ್ದಿತೆ? ನೀವು ಇತಿಹಾಸ ಓದಿದವರು, ಹೇಳಿರಿ.’

ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರದಾದೆವು. ಅವರ ಮಾತಿನಲ್ಲಿದ್ದುದು ಊಟ ತಪ್ಪಿದ ಬೇಸರವಲ್ಲ, ಮಾನಕ್ಕೆ ತಗುಲಿದ ನೋವು. ಹಡಗು ರೇವಿನಲ್ಲಿ ನಿಂತಿರುವಾಗ, ಪ್ರಯಾಣಕ್ಕೆ ಸೇರದವನೊಬ್ಬನು ಅದನ್ನು ಏರಿ ಹೋಗುವುದು ನಮ್ಮ ಕರಾವಳಿಯಲ್ಲಿ ಎಷ್ಟು ಹಳೆಯ ಸಂಗತಿ, ಅದಕ್ಕೆ ಯಾವ ಕಟ್ಟಳೆಗಳಿದ್ದುವು ಎಂಬುದನ್ನು ವಿಚಾರಮಾಡಿದರೆ ಆ ನೋವಿಗೆ ಸ್ವಲ್ಪ ಸಮಾಧಾನ ದೊರೆಯಬಹುದೆಂದು ನಮಗೆ ತೋರುತ್ತದೆ.

ಮೊದಲು ಒಂದು ಮಾತು. ನಾವು ತುಂಗಭದ್ರೆಯ ಸೀಮೆಯವರು ಒಳನಾಡಿನವರು. ನಮಗೆ ಗೊತ್ತಿರುವ ನೌಕೆ ಹರಿಗೋಲು. ಕ್ರಿ. ಶ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಡೊಮಿಂಗೊ ಪಾಯೆಸನು ಅದನ್ನು ಕಂಡು ಬರೆದಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ನೆಟ್ಟಗೆ ಹೋಗಲಾರದೆ ಸುತ್ತುತ್ತ ಸುತ್ತುತ್ತ ಆಚೆಯ ದಡವನ್ನು ಮುಟ್ಟುತ್ತದೆ. ಆನೆಗೊಂದಿಯ ಕಡವಿನಲ್ಲಿ ಇಂತಹ ಹರಿಗೋಲಿಗೆ ಕಾಲಿಟ್ಟವರೆಲ್ಲರೂ ಪ್ರಯಾಣಿಕರೇ. ಅಂಬಿಗನು ಯಾರ ಹೆಸರನ್ನೂ ಬರೆದುಕೊಳ್ಳಬೇಕಾಗಿಲ್ಲ. ಈ ದಡದವರೂ ಆ ದಡದವರೂ ಅವನಿಗೆ ಗುರುತಿನವರೇ.

ಕಡಲಿನ ಹಡಗಿನ ವಿಷಯ ಹಾಗಲ್ಲ. ಅದು ಬೇರೊಂದು ನಾಡಿನ ತುಂಡು ತೇಲಿಬಂದು ನಮ್ಮ ನಾಡಿಗೆ ತಗುಲಿ ನಿಂತಂತೆ. ದಡದವನು ಹಡಗನ್ನೇರಿದರೆ ಹಡಗಿನವರಿಗೆ ಒಂದು ಭಯ: ಇವನು ನಮ್ಮ ಬಲವೆಷ್ಟು, ಸರಕೆಷ್ಟು ಎಂದು ಎಣಿಸಿಕೊಂಡು ಹೋಗಲು ಬಂದವನಿರಬಹುದು. ದಡದವನಿಗೂ ಒಂದು ಭಯ: ಇವರು ಹಾಯಿ ಬಿಚ್ಚಿ ನನ್ನನ್ನು ಕೊಂಡೊಯ್ದರೆ ಗತಿಯೇನು? ಈ ಎರಡು ಭಯಗಳ ನಡುವೆ ಆ ಅತಿಥಿ ನಿಂತಿದ್ದಾನೆ. ಅವನನ್ನು ಏರಿಸಿಕೊಳ್ಳುವ ಕಟ್ಟಳೆಗಳೆಲ್ಲವೂ ಇವೆರಡನ್ನು ಸರಿದೂಗಿಸುವ ಪ್ರಯತ್ನಗಳೇ.

ಇದಕ್ಕೆ ಬಹು ಸ್ಪಷ್ಟವಾದ ನಿದರ್ಶನವು ಕನ್ನಡ ಕರಾವಳಿಯದೇ ಆಗಿದೆ. ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನು 1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀಣದ ಚಕ್ರವರ್ತಿಯ ಬಳಿಗೆ ಹೊರಟನು. ಗುಜರಾತಿನ ತೀರದಲ್ಲಿ ಹಡಗನ್ನೇರಿ ದಕ್ಷಿಣಕ್ಕೆ ಬಂದನು. ಅವನ ಹಡಗಿನಲ್ಲಿ ಐವತ್ತು ಮಂದಿ ಬಿಲ್ಲುಗಾರರೂ ಐವತ್ತು ಮಂದಿ ಹಬಸಿ ಯೋಧರೂ ಇದ್ದರು. ಇಂತಹ ಹಬಸಿಯೊಬ್ಬನು ಹಡಗಿನಲ್ಲಿದ್ದರೂ ಕಡಲುಗಳ್ಳರು ಅದರ ಹತ್ತಿರ ಸುಳಿಯರೆಂದು ಅವನೇ ಹೇಳುತ್ತಾನೆ. ಗೋವೆಯನ್ನೂ ಅಂಜದೀವ್ ದ್ವೀಪವನ್ನೂ ದಾಟಿ ಅವನು ಹೊನ್ನಾವರಕ್ಕೆ ಬಂದನು. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಹೊನ್ನಾವರದ ಒಡೆಯ ಜಮಾಲುದ್ದೀನನು ‘ಹರ್ಯಬ್’ ಎಂಬ ದೊರೆಗೆ ಅಧೀನನಾಗಿದ್ದನಂತೆ. ಈ ದೊರೆ ವಿಜಯನಗರದ ಒಂದನೆಯ ಹರಿಹರನೇ ಎಂದು ಇತಿಹಾಸಕಾರರು ಬಹುಮಟ್ಟಿಗೆ ಒಪ್ಪಿದ್ದಾರೆ. ಶ್ರೀರಾಮನಗರದ ನೆರೆಯ ಆನೆಗೊಂದಿಯ ಸೀಮೆಯಲ್ಲಿ ಆಗತಾನೆ ತಲೆಯೆತ್ತಿದ್ದ ರಾಜ್ಯದ ಹೆಸರು ಆಗಲೇ ಕಡಲಿನವರೆಗೆ ಕೇಳಿಬರುತ್ತಿದ್ದಿತು.

ಹೊನ್ನಾವರದಿಂದ ಮುಂದೆ ಹಡಗು ‘ಫಾಕನೂರ’ನ್ನು ಸೇರಿತು. ಇದು ನಮ್ಮ ಬಾರಕೂರು. ಅಲ್ಲಿಯ ದೊರೆಯ ಹೆಸರನ್ನು ಅವನು ಬರೆದಿರುವ ರೀತಿಯಿಂದ ಅದು ವಾಸುದೇವನೆಂದು ಊಹಿಸಬಹುದಾಗಿದೆ. ಆ ದೊರೆಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದುವು. ಯಾತ್ರಿಕನ ಹಡಗು ಲಂಗರು ಹಾಕಿದೊಡನೆ ದೊರೆಯು ಮಾಡಿದ ಮೊದಲನೆಯ ಕೆಲಸವೇನು? ತನ್ನ ಮಗನನ್ನು ಹಡಗಿಗೆ ಕಳುಹಿಸಿದನು. ರಾಜಕುಮಾರನು ಒತ್ತೆಯಾಗಿ ಹಡಗಿನಲ್ಲಿ ಉಳಿದನು. ಅನಂತರವೇ ಇಬ್ನ್ ಬತೂತನೂ ಅವನ ಜೊತೆಯವರೂ ದಡಕ್ಕಿಳಿದರು. ಮೂರು ದಿನ ಅವರಿಗೆ ಉತ್ತಮವಾದ ಸತ್ಕಾರ ನಡೆಯಿತು. ಈ ಸತ್ಕಾರಕ್ಕೆ ಕಾರಣಗಳನ್ನೂ ಯಾತ್ರಿಕನು ಮರೆಮಾಚದೆ ಹೇಳುತ್ತಾನೆ: ದೆಹಲಿಯ ಸುಲ್ತಾನನ ಮೇಲಿನ ಗೌರವ ಒಂದು, ಹಡಗಿನವರೊಡನೆ ನಡೆಸುವ ವ್ಯಾಪಾರದ ಲಾಭ ಇನ್ನೊಂದು.

ಅಲ್ಲಿಯ ಒಂದು ಪದ್ಧತಿಯನ್ನೂ ಅವನು ದಾಖಲೆಮಾಡಿದ್ದಾನೆ. ಆ ತೀರದಲ್ಲಿ ಹಾದುಹೋಗುವ ಪ್ರತಿಯೊಂದು ಹಡಗೂ ಊರ ಮುಂದೆ ನಿಂತು ದೊರೆಗೆ ಕಾಣಿಕೆ ಕೊಡಬೇಕು. ಕೊಡದೆ ಸಾಗಿದರೆ ಬೆನ್ನಟ್ಟಿ ಬಲಾತ್ಕಾರವಾಗಿ ಹಿಂದಕ್ಕೆ ತಂದು, ಸುಂಕವನ್ನು ಇಮ್ಮಡಿಮಾಡಿ, ಮನಬಂದಷ್ಟು ದಿನ ತಡೆದು ನಿಲ್ಲಿಸುತ್ತಿದ್ದರು. ಇದಕ್ಕೆ ‘ಹಕ್ ಅಲ್ ಬಂದರ್’ ಎಂದು ಹೆಸರು. ಈ ಎರಡು ಪದಗಳೂ ಈಗ ನಮ್ಮವೇ ಆಗಿಹೋಗಿವೆ. ಹಕ್ಕು ಎಂದರೂ ಬಂದರು ಎಂದರೂ ಯಾವ ಕನ್ನಡಿಗನಿಗೂ ಅರ್ಥ ಹೇಳಬೇಕಾಗಿಲ್ಲ. ರೇವಿನಲ್ಲಿ ನಿಲ್ಲುವುದೆಂದರೆ ಕೇವಲ ವಿಶ್ರಾಂತಿಯಲ್ಲ, ಅದು ಹಕ್ಕುಬಾಧ್ಯತೆಗಳ ವಿಷಯ ಎಂಬುದನ್ನು ಆ ಮಾತುಗಳೇ ಸಾರುತ್ತವೆ.

ಬಾರಕೂರಿನಿಂದ ಹಡಗು ಮಂಗಳೂರಿಗೆ ಹೋಯಿತು. ಪಾರಸ ಮತ್ತು ಯೆಮೆನ್ ದೇಶಗಳ ವರ್ತಕರು ಹೆಚ್ಚಾಗಿ ಇಳಿಯುತ್ತಿದ್ದ ರೇವು ಅದು. ಮೆಣಸೂ ಶುಂಠಿಯೂ ಅಲ್ಲಿ ಹೇರಳ. ದೊರೆಯ ಹೆಸರು ರಾಮದೇವ. ಊರಿನಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಮುಸಲ್ಮಾನರಿದ್ದರೆಂದೂ, ಅವರಿಗೂ ಊರವರಿಗೂ ಜಗಳಗಳಾದಾಗ ವರ್ತಕರ ಅವಶ್ಯಕತೆಯನ್ನರಿತ ದೊರೆಯು ಸಮಾಧಾನ ಮಾಡಿಸುತ್ತಿದ್ದನೆಂದೂ ಯಾತ್ರಿಕನು ಹೇಳುತ್ತಾನೆ. ಇಲ್ಲಿ ನಡೆದ ಸಂಗತಿಯೇ ನಮ್ಮ ಶ್ರೀರಾಮನಗರದ ಮಿತ್ರರ ಪ್ರಶ್ನೆಗೆ ಅತ್ಯಂತ ಸಮೀಪವಾದುದು. ಆ ಊರಿನ ಕಾಜಿ ಬದ್ರುದ್ದೀನನು ಯಾತ್ರಿಕನನ್ನು ಕಾಣಲು ತಾನೇ ಹಡಗಿಗೆ ಬಂದನು. ಬಂದವನು ವಿದ್ವಾಂಸ, ಯಾತ್ರಿಕನ ಮತದವನೇ, ಬಂದ ಉದ್ದೇಶ ಊರಿಗೆ ಕರೆದು ಸತ್ಕರಿಸುವುದು. ಆದರೂ ಹಡಗಿನವರು, ‘ದೊರೆಯು ತನ್ನ ಮಗನನ್ನು ಹಡಗಿಗೆ ಕಳುಹಿಸಿದ ಹೊರತು ನಾವು ಇಳಿಯೆವು’ ಎಂದುಬಿಟ್ಟರು. ಕಾಜಿಯು ಸುಮ್ಮನಾಗಲಿಲ್ಲ. ಬಾರಕೂರಿನಲ್ಲಿ ಮುಸಲ್ಮಾನರಿಗೆ ಬಲವಿಲ್ಲ, ಅದಕ್ಕಾಗಿ ಅಲ್ಲಿ ಒತ್ತೆ ಬೇಕಾಯಿತು; ಇಲ್ಲಿಯಾದರೋ ದೊರೆಯೇ ನಮಗೆ ಅಂಜುತ್ತಾನೆ, ಇಲ್ಲಿ ಒತ್ತೆಯೇಕೆ, ಎಂದು ವಾದಿಸಿದನು. ವಾದ ಫಲಿಸಲಿಲ್ಲ. ಕೊನೆಗೆ ರಾಮದೇವನ ಮಗನೂ ಹಡಗನ್ನೇರಿದನು. ಆಮೇಲೆ ಎಲ್ಲರೂ ಇಳಿದು ಮೂರು ದಿನ ಗೌರವದಿಂದ ಇದ್ದು ಮುಂದೆ ಸಾಗಿದರು.

ಈ ಸಂಗತಿಯಲ್ಲಿ ನಾವು ಗಮನಿಸತಕ್ಕ ಅಂಶ ಮೂರು. ಒಂದನೆಯದು: ಒತ್ತೆಯನ್ನು ಕೇಳಿದುದರಿಂದ ಯಾರೂ ಮುನಿದುಕೊಳ್ಳಲಿಲ್ಲ, ಸತ್ಕಾರವೇನೂ ಕಡಿಮೆಯಾಗಲಿಲ್ಲ. ಎರಡನೆಯದು: ಒತ್ತೆಯಾಗಿ ಬಂದವನು ತಂದೆಯ ಸಮ್ಮತಿಯಿಂದ ಬಂದವನು, ಇಷ್ಟು ದಿನವೆಂದು ಬಂದವನು, ಮರ್ಯಾದೆಯಿಂದ ಹಿಂದಿರುಗತಕ್ಕವನು. ಮೂರನೆಯದು: ಸ್ನೇಹಿತನಾದ ಕಾಜಿಯ ಬಾಯಿಮಾತು ಸಾಲದೆ ಹೋಯಿತು. ಅವನ ಪ್ರಾಮಾಣಿಕತೆಯಲ್ಲಿ ಸಂಶಯವಿದ್ದುದರಿಂದಲ್ಲ; ಊರಿನ ಪರವಾಗಿ ಉತ್ತರಹೇಳುವ ಅಧಿಕಾರ ಅವನದಾಗಿರಲಿಲ್ಲವಾದ್ದರಿಂದ. ಸ್ನೇಹ ಬೇರೆ, ಹೊಣೆ ಬೇರೆ. ಇದನ್ನು ಆ ಕಾಲದವರು ಚೆನ್ನಾಗಿ ತಿಳಿದಿದ್ದರು.

ದಡದವರೂ ತಮ್ಮ ಕಡೆಯಿಂದ ಅಭಯ ಕೊಟ್ಟುದುಂಟು. ಗಂಗಾವತಿಯ ಸೀಮೆಯಲ್ಲಿ, 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ, ಆಂಧ್ರದ ಕಡೆಯಿಂದ ಬಂದು ನೆಲೆಸಿದ ಬೇಸಾಯಗಾರರ ಸಂಸಾರಗಳು ಅನೇಕ. ಆ ಆಂಧ್ರದ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನ 1244ರ ಶಾಸನವೊಂದಿದೆ. ಬಿರುಗಾಳಿಗೆ ಸಿಕ್ಕಿ ಒಡೆದು ದಡಸೇರಿದ ಹಡಗುಗಳ ಸರಕನ್ನು ಹಿಂದಿನ ಅರಸರು ಬಲಾತ್ಕಾರವಾಗಿ ಕಸಿದುಕೊಳ್ಳುತ್ತಿದ್ದರೆಂದೂ, ತಾನು ಹಾಗೆ ಮಾಡದೆ ಗೊತ್ತಾದ ಸುಂಕವನ್ನು ಮಾತ್ರ ತೆಗೆದುಕೊಳ್ಳುವೆನೆಂದೂ ಅವನು ಕಲ್ಲಿನಲ್ಲಿ ಬರೆಯಿಸಿ ವರ್ತಕರಿಗೆ ಅಭಯವಿತ್ತನು. ಬಾರಕೂರಿನ ದೊರೆ ಮಗನನ್ನು ಕಳುಹಿಸಿ ಹೇಳಿದ ಮಾತನ್ನೇ ಗಣಪತಿದೇವನು ಶಿಲೆಯ ಮೂಲಕ ಹೇಳಿದನೆನ್ನಬಹುದು. ಎರಡೂ ನಂಬಿಕೆಗೆ ಆಧಾರವನ್ನು ಕೊಡುವ ಉಪಾಯಗಳು.

ಆದರೆ ಇದೇ ಪಶ್ಚಿಮ ಕರಾವಳಿಯಲ್ಲಿ ನೂರೈವತ್ತು ವರ್ಷಗಳ ತರುವಾಯ ನಡೆದ ಕಥೆ ಬೇರೆ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದಿದ್ದಾಗ ದಡದವರು ಹಡಗುಗಳನ್ನು ನೋಡಲು ದೋಣಿಗಳಲ್ಲಿ ಬಂದುಹೋಗುತ್ತಿದ್ದರು. ವ್ಯಾಪಾರದ ವಿಷಯದಲ್ಲಿ ಮನಸ್ತಾಪ ಬೆಳೆದು, ಅವನ ಕಡೆಯ ಕೆಲವರನ್ನು ಊರಿನಲ್ಲಿ ತಡೆಹಿಡಿದರು. ಆಗಸ್ಟ್ ತಿಂಗಳಿನಲ್ಲಿ ಒಂದು ದಿನ ಹಡಗಿಗೆ ಬಂದವರಲ್ಲಿ ಆರು ಮಂದಿ ಕುಲೀನರಿದ್ದುದನ್ನು ಕಂಡು ಗಾಮನು ಅವರನ್ನೂ ಅವರ ಜೊತೆಯ ಸುಮಾರು ಹನ್ನೆರಡು ಮಂದಿಯನ್ನೂ ಹಿಡಿದು ನಿಲ್ಲಿಸಿದನು. ತನ್ನವರು ಹಿಂದಿರುಗಿದ ಮೇಲೆಯೂ ಎಲ್ಲರನ್ನೂ ಬಿಡಲಿಲ್ಲ; ಕೆಲವರನ್ನು ಇಳಿಸಿ ಉಳಿದವರೊಡನೆ ಹಾಯಿ ಬಿಚ್ಚಿದನು. ಬಾರಕೂರಿನ ರಾಜಕುಮಾರನೂ ಒತ್ತೆ, ಇವರೂ ಒತ್ತೆ. ಆದರೆ ಅವನು ಒತ್ತೆಯೆಂದು ಒಪ್ಪಿ ಬಂದವನು, ಇವರು ಅತಿಥಿಗಳೆಂದು ನಂಬಿ ಬಂದವರು. ಇವೆರಡರ ಅಂತರ ಕಡಲಿನಷ್ಟು.

ಇದರ ಫಲವನ್ನು ಸುಮಾರು ಎರಡು ವರ್ಷಗಳ ತರುವಾಯವೇ ಕಾಣಬಹುದು. 1500ರಲ್ಲಿ ಕಬ್ರಾಲನು ಕಲ್ಲಿಕೋಟೆಗೆ ಬಂದಾಗ ಒತ್ತೆಯಾಳುಗಳು ಹಡಗಿಗೆ ಬಂದ ಹೊರತು ತಾನು ಇಳಿಯೆನೆಂದನು. ಬಂದ ಮೇಲುಜಾತಿಯವರು ತಮ್ಮ ಆಚಾರದಂತೆ ಹಡಗಿನಲ್ಲಿ ಉಣ್ಣಲೊಲ್ಲದೆ ಹೋದರು. ಅವರಲ್ಲಿ ಕೆಲವರು ತಪ್ಪಿಸಿಕೊಳ್ಳಲು ಸಮುದ್ರಕ್ಕೆ ಹಾರಿದರು. ಬಾರಕೂರಿನಲ್ಲಿ ಮೂರು ದಿನದ ಔತಣಕ್ಕೆ ಬಾಗಿಲು ತೆರೆದ ಪದ್ಧತಿಯೇ ಇಲ್ಲಿ ಉಪವಾಸಕ್ಕೂ ಓಟಕ್ಕೂ ಎಡೆಯಾಯಿತು. ಪದ್ಧತಿ ಕೆಟ್ಟುದಲ್ಲ, ಅದರ ಹಿಂದಿರಬೇಕಾದ ನಂಬಿಕೆ ಕೆಟ್ಟಿತ್ತು.

ಹಡಗಿನವರ ಭಯಕ್ಕೂ ಆಧಾರವಿಲ್ಲದೆ ಇರಲಿಲ್ಲ. ಗಾಮನು ಹಿಂದಿರುಗುವಾಗ, 1498ರ ಸೆಪ್ಟೆಂಬರಿನಲ್ಲಿ, ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ ತಂಗಿ ಹಡಗುಗಳನ್ನು ದುರಸ್ತಿಮಾಡಿಸುತ್ತಿದ್ದನು. ಆಗ ಸುಮಾರು ನಾಲ್ವತ್ತು ವರ್ಷದ ಒಬ್ಬ ಪುರುಷನು ಅಲ್ಲಿಗೆ ಬಂದನು. ಉತ್ತಮವಾದ ವಸ್ತ್ರ, ತಲೆಗೆ ಪಾಗು, ಸೊಂಟದಲ್ಲಿ ಕತ್ತಿ. ವೆನಿಸ್ ನಗರದ ಭಾಷೆಯನ್ನು ನಿರರ್ಗಳವಾಗಿ ಆಡುತ್ತಿದ್ದನು. ಬಂದವನೇ ಗಾಮನನ್ನು ಅಪ್ಪಿಕೊಂಡು, ತಾನು ಪಶ್ಚಿಮದೇಶದ ಕ್ರೈಸ್ತನೆಂದೂ ಈಗ ಒಬ್ಬ ಮುಸಲ್ಮಾನ ಪ್ರಭುವಿನ ಸೇವೆಯಲ್ಲಿರುವೆನೆಂದೂ ಹೇಳಿ, ಜೊತೆಗಾರನಿಗೆ ಕಳುಹಿಸಲು ಒಂದು ಗಿಣ್ಣವನ್ನು ಕೇಳಿ ಪಡೆದನು. ಅವನು ಮಾತಿನಮಲ್ಲನಾದುದೇ ಸಂಶಯಕ್ಕೆ ಕಾರಣವಾಯಿತು. ಗಾಮನ ಅಣ್ಣನು ಅವನೊಡನೆ ಬಂದವರನ್ನು ವಿಚಾರಿಸಲು, ಇವನು ಹಡಗುಗಳ ಮೇಲೆ ಬೀಳಲು ಬಂದವನೆಂದು ತಿಳಿಯಿತು. ಹೊಡೆದು ಕೇಳಿದ ಮೇಲೆ, ಹಡಗುಗಳ ಸ್ಥಿತಿಯನ್ನು ಅರಿಯಲು ಬಂದವನೆಂದು ಅವನು ಒಪ್ಪಿಕೊಂಡನು. ಅವನನ್ನು ಪೋರ್ತುಗಲ್ಲಿಗೆ ಕೊಂಡೊಯ್ದರು. ಅಲ್ಲಿ ಗಾಸ್ಪರ್ ಡ ಗಾಮನೆಂಬ ಹೆಸರನ್ನು ಪಡೆದು ಅವರಿಗೇ ದುಭಾಷಿಯಾಗಿ, 1500ರಲ್ಲಿ ಕಬ್ರಾಲನೊಡನೆ ಮತ್ತೆ ಈ ಕಡೆಗೆ ಬಂದನು. ಸ್ನೇಹಿತನೆಂದು ಅಪ್ಪಿಕೊಂಡವರೆಲ್ಲ ಸ್ನೇಹಿತರಲ್ಲವೆಂಬ ಪಾಠ ಕಡಲಿನವರಿಗೆ ನಮ್ಮ ತೀರದಲ್ಲಿಯೂ ದೊರೆತಿತ್ತು.

ಉಗಿಹಡಗುಗಳ ಕಾಲಕ್ಕೆ ಈ ಎರಡು ಭಯಗಳೂ ಬಹಳ ಇಳಿದುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಬಹುಭಾಗದವರೆಗೆ ದೊಡ್ಡ ರೇವುಗಳಲ್ಲಿ ಬೀಳ್ಕೊಡಲು ಬಂದ ಬಂಧುಮಿತ್ರರು ಹಡಗನ್ನೇರಿ, ಪ್ರಯಾಣಿಕರ ಕೋಣೆಯನ್ನು ನೋಡಿ, ಹಾರ ಹಾಕಿ, ಗಂಟೆ ಬಾರಿಸಿದೊಡನೆ ಇಳಿದು ಬರುವುದು ಸಾಮಾನ್ಯವಾಗಿದ್ದಿತು. ನಮ್ಮ ಮಂಗಳೂರಿನಲ್ಲಿ ಮಾತ್ರ ಪ್ರಕೃತಿಯೇ ಅಡ್ಡವಾಗಿತ್ತು. ಹಳೆಯ ಬಂದರಿನ ಅಳಿವೆಯಲ್ಲಿ ಮರಳದಿಣ್ಣೆ. ದೊಡ್ಡ ಹಡಗುಗಳು ದೂರದ ಕಡಲಿನಲ್ಲಿಯೇ ನಿಲ್ಲುತ್ತಿದ್ದುವು. ದಡಕ್ಕೂ ಹಡಗಿಗೂ ನಡುವೆ ದೋಣಿಯೇ ಗತಿ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ದಡಕ್ಕೇ ಬಂದು ನಿಲ್ಲುವಂತಾಯಿತು.

ಆ ಗಂಟೆಗೂ ಒಂದು ಅರ್ಥವಿದ್ದಿತು. ಹಡಗಿಗೆ ಯಾರನ್ನೂ ಕಾಯುವ ಸ್ವಭಾವವಿಲ್ಲ. ಇಬ್ನ್ ಬತೂತನಿಗೇ ಇದರ ಅನುಭವವಾಯಿತು. ಕಲ್ಲಿಕೋಟೆಯಲ್ಲಿ ಅವನು ಶುಕ್ರವಾರದ ಪ್ರಾರ್ಥನೆಗಾಗಿ ದಡದಲ್ಲಿ ಉಳಿದಿದ್ದಾಗ ಬಿರುಗಾಳಿಯೆದ್ದಿತು. ಚಕ್ರವರ್ತಿಯ ಕಾಣಿಕೆಗಳಿದ್ದ ನೌಕೆ ಒಡೆದುಹೋಯಿತು. ಅವನ ಸಾಮಾನೂ ಪರಿವಾರವೂ ಇದ್ದ ಇನ್ನೊಂದು ನೌಕೆ ಅವನನ್ನು ಬಿಟ್ಟು ಹೊರಟೇಹೋಯಿತು. ಅವನ ಕೈಯಲ್ಲಿ ಉಳಿದುದು ಹತ್ತು ದೀನಾರು, ಮಲಗುವ ಒಂದು ಚಾಪೆ. ಪ್ರಯಾಣಿಕನೇ ದಡದಲ್ಲಿ ಉಳಿಯಬಹುದಾದ ಮೇಲೆ, ದಡದವನು ಹಡಗಿನಲ್ಲಿ ಉಳಿದುಹೋಗುವುದೇನೂ ಕಷ್ಟವಲ್ಲ.

ಬಾಗಿಲು ಮತ್ತೆ ಬಿಗಿಯಾದುದು ನಮ್ಮ ಕಣ್ಣಮುಂದಿನ ಇತಿಹಾಸ. 1985ರ ಅಕ್ಟೋಬರಿನಲ್ಲಿ ಇಟಲಿಯ ಅಕಿಲ್ಲೆ ಲೌರೊ ಎಂಬ ವಿಹಾರನೌಕೆಯನ್ನು ನಾಲ್ವರು ಆಯುಧಪಾಣಿಗಳು ಈಜಿಪ್ಟಿನ ಸಮೀಪದಲ್ಲಿ ವಶಪಡಿಸಿಕೊಂಡು ಒಬ್ಬ ಪ್ರಯಾಣಿಕನನ್ನು ಕೊಂದರು. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಘೋರ ಕೃತ್ಯಗಳಾದ ಮೇಲೆ, 2002ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ನೌಕಾಸಂಸ್ಥೆಯ ಸಮ್ಮೇಳನವು ಹಡಗುಗಳ ಮತ್ತು ಬಂದರುಗಳ ರಕ್ಷಣೆಗೆ ಒಂದು ಸಂಹಿತೆಯನ್ನು ಅಂಗೀಕರಿಸಿತು. 2004ರ ಜುಲೈ 1ರಿಂದ ಅದು ಜಾರಿಗೆ ಬಂದಿತು. ಅದರ ಪ್ರಕಾರ ಹಡಗನ್ನೇರುವ ಪ್ರತಿಯೊಬ್ಬನ ಗುರುತನ್ನೂ ಏರುವ ಕಾರಣವನ್ನೂ ವಿಚಾರಿಸುವುದು ಹಡಗಿನವರ ಕರ್ತವ್ಯ. ಅತಿಥಿಯನ್ನು ಕರೆಯಬೇಕೆಂದಿರುವ ಪ್ರಯಾಣಿಕನು ಹಡಗಿನ ಕಂಪೆನಿಗೆ ಮುಂಚೆಯೇ ಬರೆದು ಕೇಳಬೇಕು; ಕೆಲವು ಕಂಪೆನಿಗಳು ಒಪ್ಪುತ್ತವೆ, ಕೆಲವು ಎಂದಿಗೂ ಒಪ್ಪವು. ಒಪ್ಪಿದರೂ ಬಂದರಿನ ಅಧಿಕಾರಿಗಳ ಅನುಮತಿ ಬೇರೆ. ಏರುವಾಗ ಗುರುತುಚೀಟಿಯನ್ನು ತೋರಿಸಬೇಕು, ಎಷ್ಟೋ ಕಡೆ ಅದನ್ನು ಏಣಿಯ ಬಳಿಯಲ್ಲಿ ಒಪ್ಪಿಸಿ ಇಳಿಯುವಾಗ ಹಿಂದಕ್ಕೆ ಪಡೆಯಬೇಕು. ಒಂದು ವಿಚಿತ್ರವನ್ನು ಇಲ್ಲಿ ಹೇಳದೆ ಇರಲಾಗದು: ಅಕಿಲ್ಲೆ ಲೌರೊ ಹಡಗನ್ನು ಹಿಡಿದವರು ಅತಿಥಿಗಳಾಗಿ ಬಂದವರಲ್ಲ, ಪ್ರಯಾಣಿಕರಾಗಿಯೇ ಏರಿದವರು. ತಪ್ಪು ಯಾರದೋ, ಬಾಗಿಲು ಮುಚ್ಚಿದುದು ಯಾರಿಗೋ.

ಹಾಗಾದರೆ ನಮ್ಮ ಮಿತ್ರರ ಪ್ರಶ್ನೆಗೆ ಉತ್ತರವೇನು? ಹಿಂದಿನ ಕಾಲದಲ್ಲಿಯೂ ಹೀಗೆಯೇ ಇದ್ದಿತು; ಇದಕ್ಕಿಂತ ಕಠಿನವಾಗಿಯೂ ಇದ್ದಿತು. ಅಂದು ರಾಜಕುಮಾರನೇ ಗುರುತುಚೀಟಿ. ಇಂದು ಅಂಗೈಯಗಲದ ಒಂದು ಚೀಟಿ ರಾಜಕುಮಾರನ ಕೆಲಸವನ್ನು ಮಾಡುತ್ತಿದೆ. ಏಣಿಯ ಬಳಿಯಲ್ಲಿ ನಾವು ಒಪ್ಪಿಸುವುದು ಒಂದು ಒತ್ತೆಯೇ. ಕಾಜಿ ಬದ್ರುದ್ದೀನನ ಮಾತನ್ನು ಒಪ್ಪದಿದ್ದುದು ಹೇಗೆ ಅವನಿಗೆ ಅವಮಾನವಲ್ಲವೋ ಹಾಗೆಯೇ ನಮ್ಮ ಮಿತ್ರರನ್ನು ಬಾಗಿಲಿನಲ್ಲಿ ತಡೆದುದೂ ಅವಮಾನವಲ್ಲ. ಒತ್ತೆಯು ಸ್ನೇಹವನ್ನು ಅಲ್ಲಗಳೆಯುವುದಿಲ್ಲ; ಅಪರಿಚಿತರ ನಡುವೆ ಸ್ನೇಹಕ್ಕೆ ದಾರಿಮಾಡಿಕೊಡುತ್ತದೆ. ಅವಮಾನವೆಂಬುದು ಕಲ್ಲಿಕೋಟೆಯಲ್ಲಿ ನಡೆಯಿತು. ಅಲ್ಲಿ ಬಾಗಿಲು ತೆರೆದಿತ್ತು, ಒಳಗೆ ಬಂದವರಿಗೆ ಹೊರಗೆ ಹೋಗಲು ಬಿಡಲಿಲ್ಲ.

ಆದರೆ ಒಂದು ವಿಷಯದಲ್ಲಿ ಹಿಂದಿನವರು ನಮಗಿಂತ ಮೇಲಾಗಿದ್ದರೆಂದು ನಮಗೆ ತೋರುತ್ತದೆ. ಅವರು ಒತ್ತೆಯನ್ನು ಕೇಳಿದ ಬಳಿಕ ಸತ್ಕಾರವನ್ನೂ ಮಾಡಿದರು. ಬಾರಕೂರಿನ ದೊರೆಯ ಕಾವಲು ಎಷ್ಟು ಬಿಗಿಯೋ ಔತಣವೂ ಅಷ್ಟೇ ಧಾರಾಳ. ನಮ್ಮ ಕಾಲದ ಕಟ್ಟಳೆಯಲ್ಲಿ ಮೊದಲನೆಯ ಅರ್ಧ ಮಾತ್ರ ಬರೆಯಲ್ಪಟ್ಟಿದೆ; ಎರಡನೆಯ ಅರ್ಧವನ್ನು ಮನುಷ್ಯರೇ ತುಂಬಿಕೊಳ್ಳಬೇಕು. ತಡೆಯತಕ್ಕವನು ತಡೆಯಲಿ, ತಡೆಯುವಾಗ ಏಕೆಂಬುದನ್ನು ಎರಡು ಒಳ್ಳೆಯ ಮಾತುಗಳಲ್ಲಿ ತಿಳಿಸಿದರೆ ಹಡಗಿಗೂ ನಷ್ಟವಿಲ್ಲ, ನಾಡಿಗೂ ನಷ್ಟವಿಲ್ಲ.

ಆ ದಿನದ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇವೆ. ಅತಿಥಿಗಳು ಮೇಲೇರಲಾಗದೆ ಹೋದುದನ್ನು ತಿಳಿದ ಆ ಸ್ನೇಹಿತರು ಹಡಗಿನ ಭೋಜನವನ್ನು ಬಿಟ್ಟು ಪತ್ನಿಯೊಡನೆ ತಾವೇ ಇಳಿದು ಬಂದರು. ಬಂದರಿನ ಹೊರಗೆ ಒಂದು ಮರದ ನೆರಳಿನಲ್ಲಿ ಎಲ್ಲರೂ ಕುಳಿತು, ಶ್ರೀರಾಮನಗರದ ಗದ್ದೆಯ ಅಕ್ಕಿಯ ಬುತ್ತಿಯನ್ನು ಬಿಚ್ಚಿ ಉಂಡರು. ಹೊರಡುವ ವೇಳೆಗೆ ಮುಂಚಿತವಾಗಿ ಅವರು ಹಡಗಿಗೆ ಹಿಂದಿರುಗಿದರು. ಇವರು ಊರಿನ ದಾರಿ ಹಿಡಿದರು. ಮುಂದಿನ ಸಲ ಹೆಸರುಗಳನ್ನು ತಿಂಗಳಿಗೆ ಮೊದಲೇ ಕಳುಹಿಸುವುದೆಂದು ನಿಶ್ಚಯವಾಗಿದೆಯಂತೆ. ಬುತ್ತಿಯನ್ನು ಮಾತ್ರ ಆಗಲೂ ಒಯ್ಯುವೆವೆಂದು ನಮ್ಮ ಮಿತ್ರರು ಹೇಳುತ್ತಾರೆ.